ಕಣ್ಣೊಳಗಿನ ಕಡಲು

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ರೈಲುಹಾದಿ ಬಹಳ ಉದ್ದವಾದುದೇನೂ ಅಲ್ಲ. ಕೋರಮಂಡಲ, ಉರಿಗಾಂ, ಚಾಂಪಿಯನ್ ಮೊದಲಾದ ನಿಲ್ದಾಣಗಳನ್ನು ದಾಟುತ್ತ ಗಾಡಿಯು ಕೋಲಾರದ ಚಿನ್ನದ ಗಣಿಗಳ ನಾಡಿನೊಳಗೆ ಸಾಗುತ್ತದೆ. ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿದ ಮಣ್ಣು ಸೈನೈಡ್ ದಿಬ್ಬಗಳಾಗಿ ಅಲ್ಲಲ್ಲಿ ಬಿದ್ದಿದೆ. ಈ ನಾಡಿನ ಜನರು ಬೆಳಕಿನ ಬೆಲೆಯನ್ನು ಚೆನ್ನಾಗಿ ಬಲ್ಲವರು. ೧೯೦೨ರಷ್ಟು ಹಿಂದೆಯೇ ಶಿವನಸಮುದ್ರದ ವಿದ್ಯುತ್ತು ಇಲ್ಲಿಯ ಗಣಿಗಳಿಗೆ ಹರಿದುಬಂದಿತು. ಆದರೂ ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದ ಕೆಲಸಗಾರನಿಗೆ ಕೊನೆಯ ಆಸರೆಯಾಗಿದ್ದುದು ತನ್ನ ದೀಪದ ಬೆಳಕು ಮತ್ತು ತನ್ನ ಎರಡು ಕಣ್ಣುಗಳು.

೨೦೦೧ನೆಯ ಇಸವಿಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಅಂದು ನಡುವಯಸ್ಸಿನವರಾಗಿದ್ದ ಕೆಲಸಗಾರರು ಈಗ ಮುದುಕರಾಗಿದ್ದಾರೆ. ಮುಪ್ಪಿನೊಡನೆ ಕಣ್ಣಿನ ತೊಂದರೆಗಳೂ ಬರುತ್ತವೆ. ಬಿಳಿಯ ಗೋಡೆಯನ್ನೋ ಆಕಾಶವನ್ನೋ ನೋಡಿದಾಗ ಸೊಳ್ಳೆಗಳಂತಹ ಕಪ್ಪು ಚುಕ್ಕಿಗಳು ತೇಲಿದಂತೆ ಕಾಣುವುದು, ಅವುಗಳನ್ನು ದಿಟ್ಟಿಸಿ ನೋಡಲು ಹೋದರೆ ಅವು ಜಾರಿಕೊಳ್ಳುವುದು, ದೀಪದ ಸುತ್ತ ಮಂಜು ಕವಿದಂತೆ ತೋರುವುದು, ಬಣ್ಣಗಳು ಮಾಸಿದಂತೆ ಕಾಣುವುದು, ಇವು ಹಿರಿಯರು ಸಾಮಾನ್ಯವಾಗಿ ಹೇಳಿಕೊಳ್ಳುವ ದೂರುಗಳು. ಇದು ಗಣಿಯ ಊರುಗಳಿಗೆ ಮಾತ್ರ ಸೇರಿದ ಸಂಗತಿಯಲ್ಲ. ಎಲ್ಲ ದೇಶಗಳ ಮುಪ್ಪಿಗೂ ಸೇರಿದುದು. ಇದಕ್ಕೆ ಕಾರಣವನ್ನು ಹುಡುಕಿದವರು ಕಣ್ಣಿನೊಳಗೆ ತುಂಬಿರುವ ರಸಗಳ ಕಡೆಗೆ ನೋಡಬೇಕಾಯಿತು. ವಯಸ್ಸು ಏರಿದಂತೆ ಆ ರಸಗಳ ಸಂಯೋಜನೆಯೇ ಮಾರ್ಪಡುತ್ತದೆ.

ಕಣ್ಣನ್ನು ಕೊಯ್ಯದೆ, ಒಂದು ತೊಟ್ಟನ್ನೂ ಹೊರತೆಗೆಯದೆ ಅದರೊಳಗಿನ ವಸ್ತುಗಳನ್ನು ಗುರುತಿಸಬಹುದೇ? ಬೆಳಕನ್ನೇ ದೂತನನ್ನಾಗಿ ಕಳುಹಿಸಿ ಉತ್ತರವನ್ನು ತರಿಸಿಕೊಳ್ಳುವ ಒಂದು ಉಪಾಯವುಂಟು. ಆ ಉಪಾಯಕ್ಕೆ ತಳಹದಿಯಾದ ತತ್ತ್ವವನ್ನು ಕಂಡುಹಿಡಿದವರು ತಮ್ಮ ಬಾಳಿನ ಕೊನೆಯ ೩೭ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದರು. ಅವರೇ ಸರ್ ಚಂದ್ರಶೇಖರ ವೆಂಕಟರಾಮನ್. ಸಮುದ್ರದ ನೀರನ್ನು ಕಂಡು ಪ್ರಶ್ನೆ ಕೇಳಿದ ಆ ಮಹಾನುಭಾವರು ತಮ್ಮ ಮುಪ್ಪಿನಲ್ಲಿ ಕಣ್ಣನ್ನೇ ಪ್ರಶ್ನಿಸತೊಡಗಿದರು. ಅವರ ಜೀವನದ ಈ ಎರಡು ತುದಿಗಳನ್ನು ಕೂಡಿಸಿ ನೋಡುವುದು ನಮಗೆ ಹಲವು ವಿಧದಲ್ಲಿ ಬೋಧಪ್ರದವಾಗಿದೆ.

ರಾಮನ್ನರು ೧೮೮೮ನೆಯ ಇಸವಿಯ ನವೆಂಬರ್ ೭ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕರಾಗಿದ್ದುದರಿಂದ ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಬಾಲಕನು ಓದಿದ ಗ್ರಂಥಗಳಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿಯು ನಾದವನ್ನು ಕುರಿತು ಬರೆದ ಕೃತಿಯೂ ಒಂದು. ಹೆಲ್ಮ್‌ಹೋಲ್ಟ್ಸರು ವೈದ್ಯರಾಗಿದ್ದು ಭೌತವಿಜ್ಞಾನಿಯಾದವರು. ಬದುಕಿರುವ ಮನುಷ್ಯನ ಕಣ್ಣಿನ ಒಳಭಾಗವನ್ನು ನೋಡಲು ಸಾಧ್ಯವಾಗಿಸಿದ ನೇತ್ರದರ್ಶಕ ಉಪಕರಣವನ್ನು ೧೮೫೧ರಲ್ಲಿ ಲೋಕಕ್ಕೆ ಕೊಟ್ಟವರು. ಕಿವಿಯ ವಿಷಯದಲ್ಲಿ ಅವರು ರಾಮನ್ನರಿಗೆ ಗುರುವಾದರು. ಕಣ್ಣಿನ ವಿಷಯದಲ್ಲಿ ಮುಂದೊಂದು ದಿನ ರಾಮನ್ನರು ಅವರೊಡನೆಯೇ ವಾದಕ್ಕೆ ನಿಲ್ಲುವವರಿದ್ದರು.

ಹನ್ನೊಂದನೆಯ ವಯಸ್ಸಿನಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ರಾಮನ್ನರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ೧೯೦೪ರಲ್ಲಿ ಬಿ.ಎ. ಪದವಿಯನ್ನೂ ೧೯೦೭ರಲ್ಲಿ ಎಂ.ಎ. ಪದವಿಯನ್ನೂ ಉನ್ನತ ಶ್ರೇಣಿಯಲ್ಲಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, ೧೯೦೬ರಲ್ಲಿ, ಬೆಳಕನ್ನು ಕುರಿತ ಅವರ ಲೇಖನವೊಂದು ಇಂಗ್ಲೆಂಡಿನ ವೈಜ್ಞಾನಿಕ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸಬೇಕೆಂದು ಹಿರಿಯರು ಬಯಸಿದರು. ಆದರೆ ಅವರ ಮೈಕಟ್ಟು ತೀರ ದುರ್ಬಲವಾಗಿದ್ದಿತು. ಅಲ್ಲಿಯ ಹವೆಯನ್ನು ಈ ತರುಣನು ತಾಳಲಾರನೆಂದು ವೈದ್ಯಾಧಿಕಾರಿಗಳು ತೀರ್ಮಾನಿಸಿದರು. ಆ ಕಾಲದಲ್ಲಿ ಭಾರತದಲ್ಲಿ ವಿಜ್ಞಾನವನ್ನೇ ನೆಚ್ಚಿ ಬದುಕುವ ದಾರಿ ಇರಲಿಲ್ಲ. ರಾಮನ್ನರು ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಪತ್ನಿ ಲೋಕಸುಂದರಿಯವರೊಡನೆ ೧೯೦೭ರಲ್ಲಿ ಕಲ್ಕತ್ತೆಯನ್ನು ಸೇರಿದರು.

ಅಲ್ಲಿ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರರೆಂಬ ವೈದ್ಯರು ೧೮೭೬ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಸಂವರ್ಧನ ಸಂಘವು ಅವರ ಕಣ್ಣಿಗೆ ಬಿದ್ದಿತು. ಸಂಘಕ್ಕೆ ಪ್ರಯೋಗಶಾಲೆಯಿದ್ದಿತು, ಆದರೆ ಅದನ್ನು ಬಳಸುವವರು ಇರಲಿಲ್ಲ. ಮುಂಜಾನೆ ಪ್ರಯೋಗಶಾಲೆ, ಹಗಲು ಲೆಕ್ಕಪತ್ರದ ಕಚೇರಿ, ಸಂಜೆ ಮತ್ತೆ ಪ್ರಯೋಗಶಾಲೆ ಎಂಬ ದಿನಚರಿಯು ಹತ್ತು ವರ್ಷಗಳ ಕಾಲ ನಡೆಯಿತು. ೧೯೧೭ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪದವಿಗೆ ಕರೆ ಬಂದಾಗ ರಾಮನ್ನರು ಕೈತುಂಬ ಸಂಬಳ ತರುತ್ತಿದ್ದ ಸರಕಾರಿ ಹುದ್ದೆಯನ್ನು ಬಿಟ್ಟು, ಅದಕ್ಕಿಂತ ಕಡಿಮೆ ವರಮಾನದ ಅಧ್ಯಾಪಕ ವೃತ್ತಿಯನ್ನು ಸಂತೋಷದಿಂದ ಸ್ವೀಕರಿಸಿದರು.

೧೯೨೧ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ ಅವರು ಪ್ರತಿನಿಧಿಯಾಗಿ ಹೋಗಿದ್ದರು. ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡು ನೀಲಿಯು ಅವರನ್ನು ಸೆರೆಹಿಡಿಯಿತು. ಕಡಲಿನ ನೀಲಿ ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ಬೇರೇನೂ ಅಲ್ಲವೆಂದು ಇಂಗ್ಲೆಂಡಿನ ಹಿರಿಯ ವಿಜ್ಞಾನಿ ಲಾರ್ಡ್ ರೇಲಿಯವರು ಅಭಿಪ್ರಾಯಪಟ್ಟಿದ್ದರು. ಅಂತಹ ಹಿರಿಯರ ಮಾತನ್ನು ಜಗತ್ತು ಒಪ್ಪಿಕೊಂಡಿದ್ದಿತು. ರಾಮನ್ನರು ಸ್ಫಟಿಕದಿಂದ ಮಾಡಿದ ಸಣ್ಣದೊಂದು ನಿಕಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಆ ಪಟ್ಟಕವು ತಡೆಯಿತು. ಆದರೂ ನೀಲಿ ಅಳಿಯಲಿಲ್ಲ, ಮತ್ತಷ್ಟು ಗಾಢವಾಯಿತು. ಹಾಗಾದರೆ ಅದು ಎರವಲು ಬಣ್ಣವಲ್ಲ. ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದಲೇ ಕಡಲಿಗೆ ಆ ಬಣ್ಣ ಬಂದಿದೆ ಎಂಬ ನಿಶ್ಚಯಕ್ಕೆ ಅವರು ಬಂದರು. ಹಡಗು ಮುಂಬಯಿಯನ್ನು ಮುಟ್ಟಿದಾಗ ಈ ವಿಷಯವನ್ನು ಕುರಿತ ಬರಹವು ಅಂಚೆಗೆ ಸಿದ್ಧವಾಗಿದ್ದಿತು. ಆಗ ಅವರಿಗೆ ೩೨ ವರ್ಷ.

ಅಲ್ಲಿಂದ ಮುಂದೆ ಏಳು ವರ್ಷಗಳ ಕಾಲ ರಾಮನ್ನರೂ ಅವರ ಶಿಷ್ಯರೂ ದ್ರವಗಳನ್ನು ಪರೀಕ್ಷಿಸಿದರು. ಅವರಲ್ಲಿ ಕೆ.ಎಸ್. ಕೃಷ್ಣನ್ನರ ಹೆಸರು ಮುಖ್ಯವಾದುದು. ಸೂರ್ಯನ ಬೆಳಕನ್ನು ಮಸೂರದಿಂದ ಒಟ್ಟುಗೂಡಿಸಿ, ನೇರಿಳೆ ಬಣ್ಣದ ಗಾಜಿನ ಮೂಲಕ ಹಾಯಿಸಿ, ಪರಿಶುದ್ಧವಾದ ದ್ರವದೊಳಕ್ಕೆ ಬಿಡುವರು. ಪಕ್ಕದಿಂದ ನೋಡುವಾಗ ನೇರಿಳೆಯನ್ನು ಪೂರ್ತಿಯಾಗಿ ತಡೆಯುವ ಇನ್ನೊಂದು ಗಾಜನ್ನು ಅಡ್ಡ ಹಿಡಿಯುವರು. ಏನೂ ಕಾಣಬಾರದಾಗಿದ್ದ ಆ ಕಡೆಯಲ್ಲಿ ತೀರ ಮಂದವಾದ ಬೆಳಕಿನ ಗೆರೆಯೊಂದು ಕಾಣಿಸಿತು. ದ್ರವವನ್ನು ಹೊಕ್ಕ ಬೆಳಕಿನ ಒಂದು ಅತಿ ಸಣ್ಣ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡು ಹೊರಬರುತ್ತಿದ್ದಿತು! ೧೯೨೮ನೆಯ ಇಸವಿಯ ಫೆಬ್ರವರಿ ೨೮ರಂದು ಇದು ಖಚಿತವಾಗಿ ಸಿದ್ಧವಾಯಿತು. ಈ ಪ್ರಯೋಗದಲ್ಲಿ ಬೆಳಕಿನ ಗೆರೆಯನ್ನು ಮೊದಲು ಹಿಡಿದ ಉಪಕರಣವು ಮನುಷ್ಯನ ಕಣ್ಣೇ ಎಂಬುದನ್ನು ನಾವು ಮರೆಯಬಾರದು. ಅಷ್ಟು ಮಂದವಾದ ಬೆಳಕನ್ನು ಗುರುತಿಸಬೇಕಾದರೆ ಕಣ್ಣು ಮೊದಲು ಕತ್ತಲೆಗೆ ಹೊಂದಿಕೊಳ್ಳಬೇಕು. ಅದು ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ. ಬಿಸಿಲಿನಿಂದ ಗಣಿಯೊಳಕ್ಕೆ ಇಳಿದ ಪ್ರತಿಯೊಬ್ಬ ಕೆಲಸಗಾರನಿಗೂ ಇದರ ಅನುಭವವುಂಟು.

ಈ ಶೋಧನೆಯ ಹಿರಿಮೆ ಎಲ್ಲಿದೆ? ಚದುರುವ ಬೆಳಕಿನಲ್ಲಿ ಬಹುಪಾಲು ತನ್ನ ಮೂಲ ಬಣ್ಣದಲ್ಲಿಯೇ ಉಳಿಯುತ್ತದೆ. ಅತ್ಯಲ್ಪ ಭಾಗ ಮಾತ್ರ ಅಣುವಿನ ಕಂಪನದೊಡನೆ ಶಕ್ತಿಯನ್ನು ಕೊಟ್ಟು ತೆಗೆದುಕೊಂಡು ಬಣ್ಣವನ್ನು ಬದಲಾಯಿಸುತ್ತದೆ. ಎಷ್ಟು ಬದಲಾಯಿಸಿತೆಂಬುದು ಆಯಾ ಅಣುವಿನ ರಚನೆಗೆ ತಕ್ಕಂತೆ ಇರುತ್ತದೆ. ನೀರಿನ ಗುರುತು ಒಂದು, ಸಕ್ಕರೆಯ ಗುರುತು ಇನ್ನೊಂದು, ಪ್ರೋಟೀನಿನ ಗುರುತು ಮತ್ತೊಂದು. ಮನುಷ್ಯರನ್ನು ಹೆಬ್ಬೆರಳಿನ ಗುರುತಿನಿಂದ ಪತ್ತೆಹಚ್ಚುವಂತೆ, ವಸ್ತುವನ್ನು ಮುಟ್ಟದೆ, ಕೆಡಿಸದೆ, ಅದರಿಂದ ಚದುರಿದ ಬೆಳಕಿನಿಂದಲೇ ಅದು ಇಂತಹುದೆಂದು ಹೇಳಬಹುದಾಯಿತು. ಇದಕ್ಕೆ ರಾಮನ್ ಪರಿಣಾಮವೆಂದು ಹೆಸರಾಯಿತು. ಕೆಲವೇ ನೂರು ರೂಪಾಯಿಗಳ ಉಪಕರಣಗಳಿಂದ ನಡೆದ ಈ ಶೋಧನೆಗೆ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಿಜ್ಞಾನದಲ್ಲಿ ಆ ಗೌರವವನ್ನು ಪಡೆದ ಏಷ್ಯಾ ಖಂಡದ ಮೊದಲಿಗರು ರಾಮನ್ನರು.

೧೯೩೩ರಲ್ಲಿ ಅವರು ಕಲ್ಕತ್ತೆಯನ್ನು ಬಿಟ್ಟು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಆಡಳಿತದ ದಾರಿ ಅವರಿಗೆ ಸುಗಮವಾಗಲಿಲ್ಲ. ಭಿನ್ನಾಭಿಪ್ರಾಯಗಳು ಬೆಳೆದು ೧೯೩೭ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಆದರೂ ಪ್ರಾಧ್ಯಾಪಕರಾಗಿ ೧೯೪೮ರ ವರೆಗೆ ಅಲ್ಲಿಯೇ ದುಡಿದರು. ೧೯೩೯ರಲ್ಲಿ ಅವರ ವಿಭಾಗವನ್ನು ಸೇರಿದ ಹೋಮಿ ಭಾಭಾ ಎಂಬ ತರುಣ ವಿಜ್ಞಾನಿಯು ವಿಶ್ವಕಿರಣಗಳ ಅಧ್ಯಯನವನ್ನು ಅಲ್ಲಿ ಬೆಳೆಸಿದರು. ಭಾಭಾ ಮುಂದೆ ಮುಂಬಯಿಯಲ್ಲಿ ಕಟ್ಟಿದ ಟಾಟಾ ಮೂಲ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದೇ ಅಧ್ಯಯನವನ್ನು ಕೋಲಾರದ ಗಣಿಯ ಆಳಕ್ಕೆ ಕೊಂಡೊಯ್ದು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ೧೯೬೫ರಲ್ಲಿ ಅಲ್ಲಿ ಕಂಡರು. ಸೂರ್ಯನ ಬೆಳಕು ಎಂದೂ ಮುಟ್ಟದ ಆ ಕತ್ತಲೆಯೂ ಹೀಗೆ ವಿಜ್ಞಾನಕ್ಕೆ ನೆರವಾಯಿತು.

ರಾಮನ್ನರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದೇ ವರ್ಷ ದೂರದ ನ್ಯೂಯಾರ್ಕ್ ನಗರದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ಇಬ್ಬರು ವಿಜ್ಞಾನಿಗಳು ದನದ ಕಣ್ಣಿನೊಳಗಿನ ರಸದಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿ, ಅದಕ್ಕೆ ಹೈಯಲುರಾನಿಕ್ ಆಮ್ಲವೆಂದು ಹೆಸರಿಟ್ಟರು. ಈ ಎರಡು ಕೆಲಸಗಳಿಗೂ ಆಗ ಪರಸ್ಪರ ಸಂಬಂಧವಿರಲಿಲ್ಲ. ಆದರೆ ಬೆಳಕಿನ ವಿಜ್ಞಾನವೂ ಕಣ್ಣಿನ ರಸಾಯನವೂ ಮುಂದೆ ಒಂದೆಡೆ ಸೇರಲಿದ್ದವು. ಆದುದರಿಂದ ಕಣ್ಣಿನ ರಸಗಳೆಂದರೆ ಏನು, ಮುಪ್ಪು ಅವುಗಳನ್ನು ಹೇಗೆ ಬದಲಾಯಿಸುತ್ತದೆ ಎಂಬುದನ್ನು ಇಲ್ಲಿ ತುಸು ತಿಳಿಯುವುದು ಒಳ್ಳೆಯದು.

ಕಣ್ಣಿನ ಗುಡ್ಡೆಯನ್ನು ಎರಡು ಕೊಳಗಳುಳ್ಳ ಪುಟ್ಟ ಲೋಕವೆಂದು ಭಾವಿಸಬಹುದು. ಮಸೂರದ ಮುಂದೆ ಇರುವುದು ಜಲರಸ. ಹಿಂದೆ ಇರುವುದು ಕಾಚರಸ. ಜಲರಸವು ನೀರಿನಂತೆ ತೆಳುವಾದುದು. ಅದರ ಪ್ರಮಾಣ ಒಂದು ಮಿಲಿಲೀಟರಿನ ಕಾಲುಭಾಗದಷ್ಟು. ಅದು ನಿಂತ ನೀರಲ್ಲ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಹರಿದುಹೋಗುತ್ತ, ಸುಮಾರು ಒಂದೂವರೆ ಎರಡು ಗಂಟೆಗಳಿಗೊಮ್ಮೆ ಪೂರ್ತಿಯಾಗಿ ಹೊಸದಾಗುತ್ತದೆ. ಮಸೂರಕ್ಕೆ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದರ ಮೂಲಕ ಬೆಳಕು ಸ್ವಚ್ಛವಾಗಿ ಹಾಯುತ್ತಿರಲಿಲ್ಲ. ಆದುದರಿಂದ ಅದಕ್ಕೆ ಬೇಕಾದ ಸಕ್ಕರೆ ಮೊದಲಾದ ಆಹಾರವನ್ನು ಒದಗಿಸುವುದು ಜಲರಸದ ಕೆಲಸ. ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲಿ ಹೇರಳವಾಗಿರುವ ಸಿ ಜೀವಸತ್ತ್ವವು ರಕ್ತದಲ್ಲಿರುವುದಕ್ಕಿಂತ ಸುಮಾರು ೨೦ ಪಟ್ಟು ಹೆಚ್ಚಾಗಿ ಈ ರಸದಲ್ಲಿದೆ. ವಯಸ್ಸು ಏರಿದಂತೆ ಜಲರಸವು ಹುಟ್ಟುವ ವೇಗ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಅದು ಹರಿದುಹೋಗುವ ದಾರಿಯೂ ಬಿಗಿಯಾಗುತ್ತದೆ. ಕೆಲವರಲ್ಲಿ ಈ ದಾರಿ ಮಿತಿಮೀರಿ ಕಟ್ಟಿಕೊಂಡು ಕಣ್ಣಿನ ಒತ್ತಡ ಏರುವುದುಂಟು. ಹೆಚ್ಚಿದ ಒತ್ತಡವು ದೃಷ್ಟಿಯ ನರವನ್ನು ಹಾಳುಮಾಡುವ ಈ ರೋಗವನ್ನು ಗ್ಲಾಕೋಮ ಎನ್ನುವರು.

ಕಾಚರಸದ ಸ್ಥಿತಿ ಬೇರೆ. ಅದರ ಪ್ರಮಾಣ ಸುಮಾರು ನಾಲ್ಕು ಮಿಲಿಲೀಟರು. ಅದರಲ್ಲಿ ನೂರಕ್ಕೆ ೯೮ ಪಾಲಿಗೂ ಹೆಚ್ಚು ಬರಿಯ ನೀರು. ಆದರೂ ಎಳೆಯ ಕಣ್ಣಿನಲ್ಲಿ ಅದು ತಾಟಿನುಂಗಿನ ತಿರುಳಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ಕೊಲಾಜೆನ್ ಎಂಬ ಪ್ರೋಟೀನಿನ ಅತಿ ಸೂಕ್ಷ್ಮವಾದ ಎಳೆಗಳು ಬಲೆಯಂತೆ ಹರಡಿವೆ. ಆ ಎಳೆಗಳ ನಡುವೆ ಹೈಯಲುರಾನಿಕ್ ಆಮ್ಲವು ನೀರನ್ನು ಹಿಡಿದಿಟ್ಟುಕೊಂಡಿದೆ. ಈ ರಸವು ಜಲರಸದಂತೆ ಹರಿದು ಹೊಸದಾಗುವುದಿಲ್ಲ. ಬಾಲ್ಯದಲ್ಲಿ ಬಂದ ಬಲೆಯೇ ಮುಪ್ಪಿನ ವರೆಗೂ ಬಾಳಬೇಕು. ಕಾಲ ಕಳೆದಂತೆ ಎಳೆಗಳಿಗೂ ಆಮ್ಲಕ್ಕೂ ಇದ್ದ ಹೊಂದಾಣಿಕೆ ಸಡಿಲವಾಗುತ್ತದೆ. ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ನೀರು ಬಿಡಿಯಾಗಿ ಅಲ್ಲಲ್ಲಿ ಮಡುಗಟ್ಟುತ್ತದೆ. ಈ ಬದಲಾವಣೆಯ ಮೊದಲ ಕುರುಹು ಬಾಲ್ಯದಲ್ಲಿಯೇ ಕಾಣುತ್ತದೆ. ೮೦ ದಾಟುವ ವೇಳೆಗೆ ಕಾಚರಸದ ಅರ್ಧಕ್ಕಿಂತ ಹೆಚ್ಚು ಭಾಗ ತೆಳು ದ್ರವವಾಗಿರುತ್ತದೆ. ಗಂಟಾದ ಎಳೆಗಳ ನೆರಳು ಅಕ್ಷಿಪಟಲದ ಮೇಲೆ ಬಿದ್ದಾಗ ಕಣ್ಣಮುಂದೆ ಸೊಳ್ಳೆಗಳು ತೇಲಿದಂತೆ ತೋರುತ್ತದೆ.

ಇದರಿಂದ ಮಸೂರಕ್ಕೂ ತೊಂದರೆಯುಂಟು. ಗಟ್ಟಿಯಾದ ಕಾಚರಸವು ಕಣ್ಣಿನ ಹಿಂಭಾಗದ ಪ್ರಾಣವಾಯು ಮಸೂರವನ್ನು ಸೇರದಂತೆ ತಡೆಯುತ್ತದೆ. ಅದರಲ್ಲಿರುವ ಸಿ ಜೀವಸತ್ತ್ವವು ಆ ಪ್ರಾಣವಾಯುವಿನೊಡನೆ ಸೇರಿ ಅದನ್ನು ಮುಗಿಸಿಬಿಡುತ್ತದೆ. ರಸವು ತೆಳುವಾದಾಗ ಈ ಕಾವಲು ಸಡಿಲವಾಗುತ್ತದೆ. ಮಸೂರದ ನಡುಭಾಗದ ಪ್ರೋಟೀನುಗಳು ಹುಟ್ಟಿನಿಂದ ಸಾವಿನ ವರೆಗೂ ಬದಲಾಗದೆ ಉಳಿಯುವಂತಹವು. ಅವು ಪ್ರಾಣವಾಯುವಿನ ಸಂಪರ್ಕದಿಂದ ಮೆಲ್ಲನೆ ಕೆಟ್ಟು, ಹಳದಿಯಾಗಿ, ಕೊನೆಗೆ ಮಬ್ಬಾಗುತ್ತವೆ. ಇದೇ ಮುಪ್ಪಿನ ಪೊರೆ. ಕಾಚರಸವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಹಿರಿಯರ ಕಣ್ಣಿನಲ್ಲಿ ಪೊರೆಯು ಬೇಗನೆ ಬೆಳೆಯುವುದನ್ನು ಕಂಡ ಮೇಲೆ ವಿಜ್ಞಾನಿಗಳಿಗೆ ಈ ಸಂಬಂಧವು ಹೆಚ್ಚು ಸ್ಪಷ್ಟವಾಯಿತು.

ಈಗ ಮತ್ತೆ ರಾಮನ್ನರ ಬಳಿಗೆ ಬರೋಣ. ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದ ಬಳಿಕ ಅವರು ಬೆಂಗಳೂರಿನಲ್ಲಿಯೇ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ಗುಲಾಬಿ ಗಿಡಗಳನ್ನೂ ಮರಗಳನ್ನೂ ಬೆಳೆಸಿ, ಅದರ ನಡುವೆ ವಾಸಿಸಿದರು. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ಎಪ್ಪತ್ತು ದಾಟಿದವರು ವಿಶ್ರಾಂತಿಯನ್ನು ಬಯಸುವುದು ಸಹಜ. ರಾಮನ್ನರು ಬಯಸಿದುದು ಹೊಸ ಪ್ರಶ್ನೆಯನ್ನು. ತೋಟದ ಹೂಗಳ ಬಣ್ಣಗಳನ್ನು ಪರೀಕ್ಷಿಸುತ್ತಿದ್ದ ಅವರು, ಬಣ್ಣವೆಂಬುದು ಹೂವಿನಲ್ಲಿದೆಯೋ ನೋಡುವ ಕಣ್ಣಿನಲ್ಲಿದೆಯೋ ಎಂಬ ವಿಚಾರಕ್ಕೆ ತೊಡಗಿದರು. ಇದಕ್ಕಾಗಿ ಅವರು ಬಳಸಿದ ಉಪಕರಣಗಳು ಬಣ್ಣದ ಗಾಜುಗಳು, ಬೆಳಕು ಬೀರಿದ ಬಿಳಿಯ ತೆರೆ, ಮತ್ತು ತಮ್ಮದೇ ಕಣ್ಣು. ಬಣ್ಣದ ಗಾಜಿನ ಮೂಲಕ ತೆರೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಗಾಜನ್ನು ಥಟ್ಟನೆ ಸರಿಸುವರು. ಆ ಕ್ಷಣದಲ್ಲಿ ತೆರೆಯ ಮೇಲೆ ಒಂದು ಆಕೃತಿ ಮೂಡಿ ಮಾಯವಾಗುವುದು. ಅದು ತಮ್ಮದೇ ಅಕ್ಷಿಪಟಲದ ಹಿಗ್ಗಿದ ಚಿತ್ರವೆಂದು ಅವರು ವಿವರಿಸಿದರು. ಮಂದ ಬೆಳಕಿನಲ್ಲಿ ಕಣ್ಣು ಹೇಗೆ ಕೆಲಸ ಮಾಡುತ್ತದೆಂಬುದನ್ನೂ ಪರೀಕ್ಷಿಸಿದರು. ಈ ಅಧ್ಯಯನಗಳೆಲ್ಲ ೧೯೬೮ರಲ್ಲಿ ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಗ್ರಂಥವಾಗಿ ಹೊರಬಂದವು. ಆಗ ಅವರಿಗೆ ೮೦ನೆಯ ವರ್ಷ.

ಆ ಗ್ರಂಥದಲ್ಲಿ ಅವರು ತಮ್ಮ ಬಾಲ್ಯದ ಗುರುವಾದ ಹೆಲ್ಮ್‌ಹೋಲ್ಟ್ಸರ ಮತವನ್ನು ತಿರಸ್ಕರಿಸಿದರು. ಕೆಂಪು, ಹಸಿರು, ನೀಲಿಗಳಿಗೆ ಒಲಿಯುವ ಮೂರು ಬಗೆಯ ಗ್ರಾಹಕಗಳು ಕಣ್ಣಿನಲ್ಲಿವೆ ಎಂಬುದು ಆ ಮತ. ಅದನ್ನು ತಮ್ಮ ಪ್ರಯೋಗಗಳು ಸುಳ್ಳಾಗಿಸಿವೆ ಎಂದು ರಾಮನ್ನರು ನಂಬಿದರು. ಆದರೆ ೧೯೬೪ರಲ್ಲಿಯೇ ಅಮೆರಿಕದ ವಿಜ್ಞಾನಿಗಳು ಅಕ್ಷಿಪಟಲದ ಒಂದೊಂದು ಜೀವಕೋಶವನ್ನೂ ಬೇರೆಬೇರೆಯಾಗಿ ಅಳೆದು ಮೂರು ಬಗೆಗಳಿರುವುದನ್ನು ತೋರಿಸಿದ್ದರು. ಇತರ ವಿಜ್ಞಾನಿಗಳು ರಾಮನ್ನರ ವಾದವನ್ನು ಒಪ್ಪಲಿಲ್ಲ. ಲಾರ್ಡ್ ರೇಲಿಯವರ ಮಾತನ್ನು ಪರೀಕ್ಷಿಸಿ ಗೆದ್ದ ವ್ಯಕ್ತಿಯೇ ಹೆಲ್ಮ್‌ಹೋಲ್ಟ್ಸರ ಮಾತನ್ನು ಪರೀಕ್ಷಿಸಿ ಸೋತರು. ದೊಡ್ಡವರ ಸೋಲನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ವಿಜ್ಞಾನದಲ್ಲಿ ಹಿರಿತನಕ್ಕೂ ಪ್ರಶಸ್ತಿಗೂ ಪ್ರಮಾಣದ ಬೆಲೆಯಿಲ್ಲ. ಈ ನಿಯಮವನ್ನು ೩೨ರ ರಾಮನ್ನರು ಬಳಸಿಕೊಂಡರು, ೮೦ರ ರಾಮನ್ನರು ಅದಕ್ಕೆ ಒಳಗಾದರು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಮುಪ್ಪಿನಲ್ಲಿ ಹಳದಿಯಾದ ಮಸೂರವು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಇಪ್ಪತ್ತರ ಹರೆಯದವನ ಅಕ್ಷಿಪಟಲವನ್ನು ಮುಟ್ಟುವಷ್ಟು ನೀಲಿಯು ಎಂಬತ್ತರ ಮುದುಕನ ಅಕ್ಷಿಪಟಲವನ್ನು ಮುಟ್ಟುವುದಿಲ್ಲ. ಯಾವ ಮನುಷ್ಯನ ಕಣ್ಣೂ ಈ ನಿಯಮಕ್ಕೆ ಹೊರತಲ್ಲ. ಕಡಲಿನ ನೀಲಿಯನ್ನು ಬೆನ್ನಟ್ಟಿ ಲೋಕಪ್ರಸಿದ್ಧರಾದ ರಾಮನ್ನರು, ನೀಲಿಯನ್ನು ಮೆಲ್ಲನೆ ಬಿಟ್ಟುಕೊಡುವ ವಯಸ್ಸಿನ ಕಣ್ಣುಗಳಿಂದ ಬಣ್ಣಗಳ ಗುಟ್ಟನ್ನು ಅಳೆಯಲು ಕುಳಿತಿದ್ದರು. ಕಣ್ಣು ಮುದಿಯಾದರೂ ಅವರ ಕುತೂಹಲಕ್ಕೆ ಮುಪ್ಪು ತಟ್ಟಿರಲಿಲ್ಲ.

೧೯೭೦ರ ಕೊನೆಯಲ್ಲಿ ಅವರ ಹೃದಯವು ದುರ್ಬಲವಾಯಿತು. ಆಸ್ಪತ್ರೆಯಲ್ಲಿ ಉಳಿಯಲು ಅವರು ಇಷ್ಟಪಡದೆ ತಮ್ಮ ಸಂಸ್ಥೆಯ ಗಿಡಮರಗಳ ನಡುವಿಗೆ ಮರಳಿದರು. ನವೆಂಬರ್ ೨೧ರಂದು, ತಮ್ಮ ೮೨ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಣ್ಣು ಮುಚ್ಚಿದರು. ಅದೇ ಆವರಣದಲ್ಲಿ ಅವರ ದೇಹಕ್ಕೆ ಅಗ್ನಿಸಂಸ್ಕಾರವಾಯಿತು. ಅಲ್ಲಿ ಗೋರಿಯಿಲ್ಲ, ಕಲ್ಲಿನ ಮಂಟಪವಿಲ್ಲ, ಒಂದು ಮರವಿದೆ.

ಅವರ ಕಾಲದ ನಂತರ ಲೇಸರ್ ಬೆಳಕಿನ ನೆರವಿನಿಂದ ರಾಮನ್ ಪರಿಣಾಮದ ಬಳಕೆ ಬಹಳವಾಗಿ ಹಬ್ಬಿತು. ೧೯೭೦ರ ದಶಕದಲ್ಲಿ ವಿಜ್ಞಾನಿಗಳು ಪ್ರಾಣಿಗಳ ಕಣ್ಣಿನ ಮಸೂರವನ್ನು ಕೊಯ್ಯದೆ ಇಡಿಯಾಗಿ ಇರಿಸಿಕೊಂಡು ಅದರಿಂದ ಚದುರಿದ ಬೆಳಕನ್ನು ಪರೀಕ್ಷಿಸಿ, ಪ್ರೋಟೀನುಗಳ ಸ್ಥಿತಿಯನ್ನು ಗುರುತಿಸತೊಡಗಿದರು. ೧೯೯೦ರ ದಶಕದಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರ ಕಾಚರಸವನ್ನು ಇದೇ ವಿಧಾನದಿಂದ ಪರೀಕ್ಷಿಸಿದಾಗ, ಅದರ ಕೊಲಾಜೆನ್ ಎಳೆಗಳಲ್ಲಿ ರಾಸಾಯನಿಕ ಮಾರ್ಪಾಡುಗಳು ಕಂಡವು. ಜಲರಸದಲ್ಲಿರುವ ಸಕ್ಕರೆಯ ಪ್ರಮಾಣವನ್ನು ಸೂಜಿಯ ಚುಚ್ಚುವಿಕೆಯಿಲ್ಲದೆ ಬೆಳಕಿನಿಂದಲೇ ಅಳೆಯುವ ಪ್ರಯತ್ನಗಳೂ ನಡೆದಿವೆ. ಕಣ್ಣಿಗೆ ಹಾನಿಯಾಗದಷ್ಟು ಮಂದವಾದ ಬೆಳಕನ್ನು ಬಳಸಬೇಕಾಗಿರುವುದರಿಂದ ಈ ಕೆಲಸವು ಸುಲಭವಲ್ಲ. ಆದರೂ ದಾರಿ ತೆರೆದಿದೆ. ಹಡಗಿನ ಮೇಲೆ ನಿಂತ ತರುಣನೊಬ್ಬನು ಮೆಡಿಟರೇನಿಯನ್ ಕಡಲಿಗೆ ಹಾಕಿದ ಪ್ರಶ್ನೆಯನ್ನು, ಇಂದಿನ ವಿಜ್ಞಾನಿಗಳು ನಾಲ್ಕು ಮಿಲಿಲೀಟರಿನ ಈ ಪುಟ್ಟ ಕಡಲಿಗೂ ಹಾಕುತ್ತಿದ್ದಾರೆ.

ಬಂಗಾರಪೇಟೆಯ ಮತ್ತು ಗಣಿಯೂರಿನ ಹಿರಿಯರಿಗೆ ಈ ಜ್ಞಾನದಿಂದ ಆಗುವ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಕಣ್ಣಮುಂದೆ ತೇಲುವ ಒಂದೆರಡು ಚುಕ್ಕಿಗಳು ಸಾಮಾನ್ಯವಾಗಿ ಮುಪ್ಪಿನ ಗುರುತೇ ಹೊರತು ಕುರುಡಿನ ಮುನ್ಸೂಚನೆಯಲ್ಲವೆಂದು ಅರಿತರೆ ಅನಾವಶ್ಯಕವಾದ ಭಯ ತಪ್ಪುತ್ತದೆ. ಚುಕ್ಕಿಗಳು ಒಮ್ಮೆಲೆ ರಾಶಿಯಾಗಿ ಬಂದರೆ, ಮಿಂಚು ಹೊಡೆದಂತೆ ಕಂಡರೆ, ಅಥವಾ ಒಂದು ಬದಿಯಿಂದ ತೆರೆ ಇಳಿದಂತಾದರೆ ಅಕ್ಷಿಪಟಲವು ಹರಿದಿರಬಹುದೆಂದು ತಿಳಿದು, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಮಬ್ಬಾದ ಮಸೂರವನ್ನು ತೆಗೆದು ಹೊಸದನ್ನು ಇಡುವ ಚಿಕಿತ್ಸೆಯು ಇಂದು ಜಿಲ್ಲೆ ಜಿಲ್ಲೆಗಳಲ್ಲಿ ದೊರೆಯುತ್ತಿದೆ. ಅಜ್ಜ ಅಜ್ಜಿಯರ ಕೈಹಿಡಿದು ಅಲ್ಲಿಗೆ ಕರೆದೊಯ್ಯುವ ಕೆಲಸವು ಕಿರಿಯರಿಗೆ ಸೇರಿದ್ದು.

ರಾಮನ್ ಪರಿಣಾಮವು ಸಿದ್ಧವಾದ ದಿನದ ನೆನಪಿಗಾಗಿ ೧೯೮೭ರಿಂದ ನಮ್ಮ ದೇಶದಲ್ಲಿ ಪ್ರತಿ ವರ್ಷವೂ ಫೆಬ್ರವರಿ ೨೮ರಂದು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತಾರೆ. ಕೋಲಾರದ ಚಿನ್ನದ ಗಣಿಗಳು ಮುಚ್ಚಿದುದೂ ಅದೇ ತಾರೀಖಿನಂದು. ಗಣಿಯೂರಿನ ಶಾಲೆಗಳ ಮಕ್ಕಳಿಗೆ ಆದುದರಿಂದ ಆ ದಿನವು ಎರಡು ನೆನಪುಗಳ ದಿನ. ನೆಲದೊಳಗಿನ ಚಿನ್ನ ಒಂದು ದಿನ ತೀರುತ್ತದೆ. ಕಣ್ಣಿನ ತಿಳಿಯೂ ಒಂದು ದಿನ ಕದಡುತ್ತದೆ. ಅಂತಹ ಕಣ್ಣನ್ನು ಇಟ್ಟುಕೊಂಡೇ ಎಂಬತ್ತರ ವಯಸ್ಸಿನಲ್ಲಿ ಬಣ್ಣದ ಗಾಜನ್ನು ಹಿಡಿದು ಬಿಳಿಯ ತೆರೆಯ ಮುಂದೆ ಕುಳಿತ ವೃದ್ಧ ವಿಜ್ಞಾನಿಯನ್ನು ಆ ದಿನ ಅವರು ನೆನೆಯಲಿ.